ಕಡೆಯಾಳಿನ ಕೆಂಪು ಗುಂಡಿ

ಬೆಳಗಿನ ಐದೂಮುಕ್ಕಾಲು. ಕಿಲೆಂಬೆಯ ಹಳೇ ತಾಮ್ರದ ಗಣಿಯ ಕೆಳಗಿರುವ ತಗಡಿನ ಶೆಡ್ಡಿನ ಮುಂದೆ, ಬೆಟ್ಟ ಹತ್ತುವ ಅತಿಥಿಗಳ ಸಾಮಾನು ಹೊರುವ ಹದಿನಾಲ್ಕು ಹೊರೆಯಾಳುಗಳು ಗಂಬೂಟು ಹಾಕಿಕೊಂಡು ಸಾಲಾಗಿ ನಿಂತಿದ್ದಾರೆ. ಪಕ್ಕದ ಹೊಳೆಯ ಸದ್ದಿಗೆ ಮಾತು ಕೇಳಿಸುವುದಿಲ್ಲ, ಹಾಗಾಗಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ. ಹಸಿರು ಸ್ವೆಟರಿನ ಮೇಲೆ ಹಳದಿ ಹೂವಿನ ಬಟ್ಟೆ ಬಿಗಿದುಕೊಂಡ ಹೆಂಗಸೊಬ್ಬರು ತೊಲೆಗೆ ತೂಗುಬಿಟ್ಟ ತಕ್ಕಡಿಯ ಕೊಕ್ಕೆಗೆ ಒಂದೊಂದೇ ಹೊರೆ ಸಿಕ್ಕಿಸಿ ತೂಕ ನೋಡುತ್ತಿದ್ದಾರೆ. ಇವರೇ ಕಬುಗೋ ಯೂನಿಸ್. ವಯಸ್ಸು ಐವತ್ತನಾಲ್ಕು, ಎಡ ಮೊಣಕಾಲು ಮಡಚುವುದಿಲ್ಲ, ಗಂಟಲು ಮಾತ್ರ ಹೊಳೆಗಿಂತ ಜೋರು.

"ಇಪ್ಪತ್ತೆರಡು ಕಿಲೋ ಅಂದ್ರೆ ಇಪ್ಪತ್ತೆರಡು ಕಿಲೋ! ಇದರಲ್ಲಿ ಯಾರ ಅತ್ತೇನ ಕಟ್ಟಿಟ್ಟಿದೀಯೋ?" ಎಂದು ಒಬ್ಬನ ಹೊರೆ ಬಿಚ್ಚಿಸುತ್ತಾರೆ. ಮೂರು ಬೇಳೆ ಪೊಟ್ಟಣ ಹೊರಗೆ ಬರುತ್ತವೆ. ಹೊರೆಯವನು ಹಲ್ಲು ಕಿರಿಯುತ್ತಾನೆ.

ತೂಕ ಮುಗಿದವರು ಸೀದಾ ಹೊರಡುವಂತಿಲ್ಲ. ಶೆಡ್ಡಿನ ಬಾಗಿಲ ಪಕ್ಕದ ಮೊಳೆಗೆ, ಎದೆಮಟ್ಟಕ್ಕೆ, ಅಂಗೈಯಗಲದ ಒಂದು ಯಂತ್ರ ನೇತಾಡುತ್ತಿದೆ. ಗಾಜು ಒಡೆದಿದೆ, ಜೀವವಿಲ್ಲ. ಬದಿಯಲ್ಲೊಂದು ಪುಟ್ಟ ಮುಚ್ಚಳ, ಅದರ ಕೆಳಗೆ ಕೆಂಪು ಗುಂಡಿ. ಪ್ರತಿಯೊಬ್ಬರೂ ಮುಚ್ಚಳವನ್ನು ಉಗುರಿನಿಂದ ಎತ್ತಿ, ಐದೆಣಿಸುವವರೆಗೆ ಗುಂಡಿ ಒತ್ತಿ ಹಿಡಿದು, "ಇದು ನನ್ನ ಗುಂಡಿ" ಎಂದು ಗಟ್ಟಿಯಾಗಿ ಹೇಳಬೇಕು. ಆಮೇಲಷ್ಟೇ ಬೆಟ್ಟ.

ಸಾಲಿನ ಕೊನೆಯಲ್ಲಿ ನಿಂತಿರುವವನು ತೆಂಬೊ. ಹತ್ತು ತಿಂಗಳ ಹಿಂದೆ ಕಾಲು ಮುರಿದುಕೊಂಡವನು, ಇವತ್ತು ಮೊದಲ ಬಾರಿಗೆ ಮತ್ತೆ ಮೇಲೆ ಹೋಗುತ್ತಿದ್ದಾನೆ. ಅವನ ಮಗಳು ಬೀರಾ ನಾನು ಪಾಠ ಹೇಳುವ ಐದನೇ ತರಗತಿಯ ಹುಡುಗಿ. ನಿನ್ನೆ ಶಾಲೆ ಬಿಟ್ಟ ಮೇಲೆ ನನ್ನ ಮೇಜಿನ ಹತ್ತಿರ ಬಂದು, "ಮೇಷ್ಟ್ರೇ, ಅಪ್ಪ ನಾಳೆ ಹೋಗ್ತಾರೆ. ಏನಾದ್ರೂ ಆದ್ರೆ ಈ ಸಲನಾದ್ರೂ ಗುಂಡಿ ಒತ್ತುತ್ತಾರಾ? ನೀವು ನೋಡ್ಕೊಂಡು ಬನ್ನಿ" ಅಂದಳು. ನಿದ್ದೆ ಬಿಟ್ಟು ನಾನು ಈ ಹೊತ್ತಿನಲ್ಲಿ ಇಲ್ಲಿರುವುದು ಅದಕ್ಕೇ.

ತೆಂಬೊ ಗುಂಡಿ ಒತ್ತುತ್ತಾನೆ. ಏನೋ ಗೊಣಗುತ್ತಾನೆ.

"ಯಾರಿಗೂ ಕೇಳಿಸ್ಲಿಲ್ಲ."

"ಹೇಳಿದೆ ಅಕ್ಕಾ."

"ಹೆಂಡ್ತಿ ಕಿವೀಲಿ ಹೇಳೋ ಹಾಗೆ ಹೇಳಿದ್ರೆ ಆಗಲ್ಲ ಕಣೋ. ಹೊಳೆಗೆ ಕೇಳಿಸ್ಬೇಕು!"

"ಇದು ನನ್ನ ಗುಂಡಿ!" ಎಂದು ತೆಂಬೊ ಕಿರುಚುತ್ತಾನೆ. ಹದಿಮೂರು ಜನ ಹೋ ಎಂದು ನಗುತ್ತಾರೆ. ಕಬುಗೋ ಅಕ್ಕ ನಗುವುದಿಲ್ಲ. ಅವನ ಹೊರೆಯ ನೆತ್ತಿಗೆ, ಆಕಾಶಕ್ಕೆ ಮುಖ ಮಾಡಿ, ಜೀವವಿರುವ ಇನ್ನೊಂದು ಯಂತ್ರವನ್ನು ಬಾಳೆನಾರಿನ ಹಗ್ಗದಿಂದ ಬಿಗಿಯುತ್ತಾರೆ. ಹೊರೆಯ ಸಂದಿಯಲ್ಲಿ ಬಾಳೆಎಲೆಯ ಸಣ್ಣ ಪೊಟ್ಟಣವೊಂದು ಕೈಗೆ ತಗಲುತ್ತದೆ.

"ಇದೇನು?"

"ಬುಂಡು."

ಮರಗೆಣಸಿನ ಹಿಟ್ಟಿನ ಮುದ್ದೆ. ಹೊರೆಯಾಳುಗಳ ಅಡುಗೆಗೆ ಹಿಟ್ಟು ಬೇರೆಯೇ ಹೋಗುತ್ತದೆ. ಬೇಯಿಸಿದ ಮುದ್ದೆಯನ್ನು ಯಾರೂ ಹೊತ್ತುಕೊಂಡು ಹೋಗುವುದಿಲ್ಲ.

"ಯಾರಿಗೋ ಇದು?"

"ದಾರೀಲಿ ಒಬ್ರಿಗೆ ಕೊಡೋದಿದೆ" ಎನ್ನುತ್ತಾನೆ ತೆಂಬೊ. ಅಕ್ಕ ಅವನ ಮುಖವನ್ನೊಮ್ಮೆ ನೋಡಿ ಪೊಟ್ಟಣವನ್ನು ಇದ್ದಲ್ಲೇ ತುರುಕುತ್ತಾರೆ. ಹೊರೆ ತೂಗುವ ಹಣೆಪಟ್ಟಿ ಏರಿಸಿಕೊಂಡು ಅವನು ಎಲ್ಲರ ಹಿಂದೆ ಹೆಜ್ಜೆ ಹಾಕುತ್ತಾನೆ, ಬಲಗಾಲನ್ನು ತುಸು ಎಳೆಯುತ್ತಾ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುವ ಮಾತು ನಮ್ಮ ರ್‍ವೆಂಜೋರಿಗೆ ಸಲ್ಲುವುದಿಲ್ಲ. ಅದು ದೂರದಿಂದ ಕಾಣುವುದೇ ಇಲ್ಲ. ವರ್ಷದಲ್ಲಿ ಮುನ್ನೂರು ದಿನ ಮೋಡ ಹೊದ್ದು ಮಲಗಿರುತ್ತದೆ. ಎರಡನೇ ದಿನದ ದಾರಿಯಿಂದಾಚೆ ಫೋನು ಹಿಡಿಯುವುದಿಲ್ಲ. ಅಲ್ಲಿಂದ ಮಾತಾಡುವುದು ಈ ಟ್ರ್ಯಾಕರ್ ಒಂದೇ. ಎರಡು ಮೊಟ್ಟೆಯಷ್ಟು ಭಾರ. ಹತ್ತು ನಿಮಿಷಕ್ಕೊಮ್ಮೆ ಉಪಗ್ರಹಕ್ಕೆ ತಾನಿರುವ ಜಾಗ ಹೇಳುತ್ತದೆ, ಅದು ಕಬುಗೋ ಅಕ್ಕನ ಫೋನಿನ ನಕ್ಷೆಯ ಮೇಲೆ ಒಂದು ಚುಕ್ಕೆಯಾಗಿ ಬೀಳುತ್ತದೆ. ಎರಡು ಸಾಲಿನ ಸಂದೇಶವನ್ನೂ ಕಳಿಸಬಹುದು. 'ಕ್ಷೇಮ' ಎನ್ನುವುದಕ್ಕೊಂದು ಬಿಳಿ ಗುಂಡಿಯಿದೆ, ಪ್ರಾಣಕ್ಕೆ ಬಂದರೆ ಕೆಂಪು.

ಈ ಜುಲೈನಲ್ಲಿ ಒಂದೇ ಹೊತ್ತಿಗೆ ನಾಲ್ಕು ತಂಡಗಳು ಮೇಲಿವೆ. ಐವತ್ತಕ್ಕೂ ಹೆಚ್ಚು ಹೊರೆಯಾಳುಗಳು, ಎಂಟು ಟ್ರ್ಯಾಕರ್. ಬೆಳಗಿನಿಂದ ಸಂಜೆಯವರೆಗೆ ಅಕ್ಕನ ಕಣ್ಣ ಮುಂದೆ ನಾನೂರಕ್ಕೂ ಹೆಚ್ಚು ಚುಕ್ಕೆ ಬೀಳುತ್ತವೆ. ಬೀನ್ಸ್ ಸೋಸುವಾಗಲೂ ಫೋನು ಮಡಿಲಲ್ಲಿರುತ್ತದೆ. ಯಂತ್ರಗಳಿಗೆ ಅವರು ಆಳುಗಳ ಹೆಸರಿಟ್ಟಿಲ್ಲ. ನಮ್ಮಲ್ಲಿ ಹುಟ್ಟಿದ ಸರದಿಯ ಮೇಲೆ ಹೆಸರು, ಮೊದಲ ಗಂಡಾದರೆ ಬಲುಕು, ಮೂರನೆಯವನು ಮಸೆರೆಕಾ, ಹಾಗಾಗಿ ಹೊರೆಯಾಳುಗಳ ಸಂಘದಲ್ಲಿ ಏಳು ಜನ ಬಲುಕುಗಳಿದ್ದಾರೆ. ಒಂದೊಂದು ಟ್ರ್ಯಾಕರಿಗೂ ಒಂದೊಂದು ಬಣ್ಣದ ಬಟ್ಟೆಚೂರು ಕಟ್ಟಿ, ನಕ್ಷೆಯಲ್ಲೂ ಅದೇ ಹೆಸರು ಬರೆದಿದ್ದಾರೆ. ತೆಂಬೊನದು ನೇರಳೆ.

ಕಬುಗೋ ಅಕ್ಕನೂ ಹನ್ನೊಂದು ವರ್ಷ ಹೊರೆ ಹೊತ್ತವರು. ಅವರ ಅಣ್ಣ, ಬದುಕಿದ್ದಿದ್ದರೆ ಎಂಟನೆಯ ಬಲುಕು, ಹತ್ತೊಂಬತ್ತು ವರ್ಷದ ಹಿಂದೆ ಹಿಮದಲ್ಲಿ ದಾರಿ ತಪ್ಪಿದ. ಸಿಕ್ಕಿದ್ದು ಒಂಬತ್ತನೇ ದಿನ.

"ಹೊರೆ ಇಳಿಸಿ, ಅದಕ್ಕೆ ಒರಗಿ ಕೂತಿದ್ದ. ಹಣೆಪಟ್ಟಿನೂ ಬಿಚ್ಚಿರ್ಲಿಲ್ಲ. ಡೇರೆಯಿಂದ ಕೂಗಿದ್ರೆ ಕೇಳಿಸೋಷ್ಟು ಹತ್ತಿರ. ಎಲ್ಲಿದಾನೆ ಅಂತ ಗೊತ್ತಿದ್ದಿದ್ರೆ ಸಾಕಿತ್ತು ಮೇಷ್ಟ್ರೇ, ಬೇರೇನೂ ಬೇಕಿರ್ಲಿಲ್ಲ" ಎನ್ನುತ್ತಾರೆ. ಆಮೇಲೆ ನನ್ನ ಲೋಟಕ್ಕೆ ಇನ್ನಷ್ಟು ಶುಂಠಿ ಚಹಾ ಬಗ್ಗಿಸುತ್ತಾರೆ.

ಮೊಣಕಾಲು ಕೈಕೊಟ್ಟ ಮೇಲೆ ಅವರಿಗೆ ಶೆಡ್ಡಿನ ಕೆಲಸ ಸಿಕ್ಕಿತು. ಆಗ ತಂಡಕ್ಕೊಂದೇ ಟ್ರ್ಯಾಕರ್, ಅದು ಅತಿಥಿಯ ಜೊತೆಗೇ ಇರಬೇಕು ಎಂಬುದು ಪ್ರವಾಸ ಕಂಪನಿಯ ಕಟ್ಟಳೆ. ಹೊರೆಯಾಳುಗಳಾದರೋ ಅತಿಥಿಗಳ ಜೊತೆ ನಡೆಯುವವರಲ್ಲ. ಕೆಲವರು ಮುಂದೆ ಓಡುತ್ತಾರೆ, ಕೆಲವರು ಪಾತ್ರೆ ತೊಳೆದು ಹಿಂದೆ ಬರುತ್ತಾರೆ. ಎಲ್ಲರಿಗಿಂತ ಹಿಂದಿನವನು, ಅಂದರೆ ಕಡೆಯಾಳು, ಎಲ್ಲಿದ್ದಾನೆಂದು ಯಾರಿಗೂ ತಿಳಿಯದು. ಅತಿಥಿಯೊಬ್ಬಳು ಹೋಗುವಾಗ ತನ್ನ ಹಳೇ ಟ್ರ್ಯಾಕರನ್ನು ಅಕ್ಕನಿಗೆ ಉಡುಗೊರೆಯಾಗಿ ಬಿಟ್ಟುಹೋದಳು. ಅಕ್ಕ ಅದನ್ನು ಮರುದಿನವೇ ಕಡೆಯಾಳಿನ ಹೊರೆಗೆ ಕಟ್ಟಿದರು. ಯಾರನ್ನೂ ಕೇಳಲಿಲ್ಲ.

ಶುರುವಿನಲ್ಲೇ ಎಡವಟ್ಟಾಯಿತು. ಬೆಲೆಬಾಳುವ ವಸ್ತು ಮಳೆಯಲ್ಲಿ ನೆನೆಯಬಾರದೆಂದು ಕಡೆಯಾಳು ಅದನ್ನು ಕಂಬಳಿಯಲ್ಲಿ ಸುತ್ತಿ, ಅಲ್ಯೂಮಿನಿಯಂ ತಪ್ಪಲೆಯೊಳಗಿಟ್ಟು ಮುಚ್ಚಳ ಹಾಕಿಬಿಟ್ಟ. ಚುಕ್ಕೆ ಮಾಯ. ಅಕ್ಕ ಎದೆ ಬಡಿದುಕೊಂಡು ಎಂಟು ಜನರನ್ನು ಬೆಟ್ಟಕ್ಕೆ ಅಟ್ಟಿದರು. ಅವರು ಹೋಗಿ ನೋಡಿದರೆ ತಂಡದವರು ಬೆಂಕಿಯ ಸುತ್ತ ಕೂತು ಬುಂಡು ತಿನ್ನುತ್ತಿದ್ದಾರೆ! ತಿಂಗಳುಗಟ್ಟಲೆ ಕಿಲೆಂಬೆಯಲ್ಲಿ ಅವರಿಗೆ 'ತಪ್ಪಲೆ ಕಬುಗೋ' ಎಂದೇ ಹೆಸರು. ಸಂತೆಯಲ್ಲಿ ಟೊಮೆಟೊ ಮಾರುವವಳೂ "ಅಕ್ಕಾ, ನನ್ನ ಗಂಡ ಕಾಣ್ತಿಲ್ಲ, ತಪ್ಪಲೇಲಿ ನೋಡ್ತೀಯಾ?" ಎನ್ನುತ್ತಿದ್ದಳಂತೆ.

ಹೋದ ಸೆಪ್ಟೆಂಬರಿನಲ್ಲಿ ಕಡೆಯಾಳಾಗಿ ಹೋದವನು ತೆಂಬೊ. ಮೂರನೇ ದಿನ ಮಧ್ಯಾಹ್ನ, ಜಡಿಮಳೆ. ನಮುಸಂಗಿ ಕಣಿವೆಯ ಜವುಗಿನಲ್ಲಿ ಅವನ ಚುಕ್ಕೆ ನಿಂತಿತು. ಎರಡು ಗಂಟೆಯಷ್ಟು ಮುಂದೆ ಬಿಡಾರ ಸೇರಿದ್ದ ಮಾರ್ಗದರ್ಶಿ ಮಸೆರೆಕಾನಿಗೆ ಅಕ್ಕ ಸಂದೇಶ ಕಳಿಸಿದರು: ಹಿಂದಿನವನು ನಿಂತಿದ್ದಾನೆ, ತಿರುಗಿ ಹೋಗು. ಅವನ ಉತ್ತರ ಬಂತು: ತಪ್ಪಲೆ ನೋಡು ಅಕ್ಕ.

"ನಂಗೂ ಒಂದು ಕ್ಷಣ ಹಾಗೇ ಅನ್ನಿಸ್ತು, ಸುಳ್ಳು ಯಾಕೆ ಹೇಳ್ಲಿ" ಎನ್ನುತ್ತಾರೆ ಅಕ್ಕ. "ಆದ್ರೆ ತಪ್ಪಲೆ ಒಳಗಿದ್ರೆ ಚುಕ್ಕೆ ಬರೋದೇ ಇಲ್ಲ. ಇದು ಬರ್ತಾನೇ ಇತ್ತು, ಒಂದೇ ಜಾಗದಿಂದ. ಆ ಜಾಗ ನಂಗೊತ್ತು. ಮಂಡಿವರೆಗೂ ಕೆಸರು. ಹನ್ನೊಂದು ವರ್ಷದಲ್ಲಿ ಅಲ್ಲಿ ಹೊರೆ ಇಳಿಸಿದವರನ್ನ ನಾನು ಒಬ್ರನ್ನೂ ನೋಡಿಲ್ಲ. ಇಳಿಸಿದ್ರೆ ಮತ್ತೆ ಎತ್ತೋಕಾಗಲ್ಲ. ಸುಸ್ತಾದ್ರೂ ನೂರು ಹೆಜ್ಜೆ ಮುಂದಿನ ಬಂಡೆ ಹತ್ರ ಹೋಗಿ ಕೂರ್ತೀವಿ. ಅಲ್ಲಿ ನಿಂತಿದಾನೆ ಅಂದ್ರೆ ಅವನು ನಿಂತಿಲ್ಲ, ಬಿದ್ದಿದಾನೆ."

ಅವರು ಬರೆದದ್ದು ಇಷ್ಟು: ನಿನ್ನ ತಾಯಾಣೆ, ಹೋಗು.

ಮಸೆರೆಕಾ ನಾಲ್ಕು ಜನರನ್ನು ಕರೆದುಕೊಂಡು ಹೋದ. ಕತ್ತಲಾಗುವ ಮೊದಲೇ ತೆಂಬೊ ಸಿಕ್ಕಿದ. ಕಣಕಾಲಿನ ಮೂಳೆ ಎರಡು ತುಂಡು, ತುಟಿ ನೀಲಿ, ಮಾತು ತೊದಲುತ್ತಿತ್ತು. ಇನ್ನೊಂದು ಗಂಟೆ ತಡವಾಗಿದ್ದರೆ ಬದುಕುತ್ತಿರಲಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಟ್ರ್ಯಾಕರ್ ಅವನ ಕೈಯಳತೆಯಲ್ಲೇ ಇತ್ತು. ಕೆಂಪು ಗುಂಡಿಯ ಮುಚ್ಚಳ ಹಾಕಿದ್ದು ಹಾಕಿದ ಹಾಗೇ ಇತ್ತು.

ಯಾಕೆ ಒತ್ತಲಿಲ್ಲ ಎಂದು ಆಸ್ಪತ್ರೆಯ ಹಾಸಿಗೆಯ ಪಕ್ಕ ಕೂತು ಅಕ್ಕ ಕೇಳಿದಾಗ ನಾನೂ ಅಲ್ಲಿದ್ದೆ. ತೆಂಬೊ ನಾಚಿಕೊಂಡು ಗೋಡೆ ನೋಡುತ್ತಾ ಹೇಳಿದ ಮಾತು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

"ಅದು ಅತಿಥಿಗಳದ್ದಲ್ವಾ ಅಕ್ಕಾ? ಒತ್ತಿದ್ರೆ ಹೆಲಿಕಾಪ್ಟರ್ ಬರುತ್ತಂತೆ. ಒಬ್ಬ ಹೊರೆಯಾಳಿಗೋಸ್ಕರ ಹೆಲಿಕಾಪ್ಟರ್ ಬಂದ್ರೆ, ಬಂದವರು ಬೈಯಲ್ವಾ?"

ಅಕ್ಕ ಅವನಿಗೆ ಬೈಯಲಿಲ್ಲ. ಅವರು ಬೈಯದೇ ಇದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ತಪ್ಪು ಅವನದ್ದಲ್ಲ, ನಂದು" ಎನ್ನುತ್ತಾರೆ ಈಗ. "ಯಂತ್ರ ಕಟ್ಟೋದು ಹೇಳ್ಕೊಟ್ಟೆ. ಅದು ನಿಂದು ಕಣೋ ಅಂತ ಹೇಳೋದೇ ಮರೆತೆ."

ತೆಂಬೊನನ್ನು ಹೊತ್ತು ಇಳಿಸುವಾಗ ಆ ಹಳೇ ಟ್ರ್ಯಾಕರ್ ಬಂಡೆಗೆ ಬಡಿದು ಸತ್ತುಹೋಯಿತು. ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುವುದು ಅದೇ. ಅಂದಿನಿಂದ ಅಕ್ಕ ಸಂಘದ ಸಭೆಯಲ್ಲಿ, ಕಂಪನಿಯ ಬಾಗಿಲಲ್ಲಿ, ಚರ್ಚಿನ ಅಂಗಳದಲ್ಲಿ ಒಂದೇ ಪಟ್ಟು ಹಿಡಿದು ಕೂತು, ತಂಡಕ್ಕೆ ಎರಡು ಟ್ರ್ಯಾಕರ್ ಮಾಡಿಸಿದ್ದಾರೆ. ಒಂದು ಅತಿಥಿಗೆ, ಒಂದು ಕಡೆಯಾಳಿಗೆ. ನನ್ನ ತರಗತಿಯ ಮೂರನೇ ಸಾಲಿನಲ್ಲಿ ಕೂರುವ ಹುಡುಗಿಗೆ ಇವತ್ತು ಅಪ್ಪ ಇದ್ದಾನೆ. ಅದು ಈ ಹೆಂಗಸಿನಿಂದ. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಮನಸ್ಸಿಲ್ಲ. ಅವರ ಹೊಟ್ಟೆ ತಣ್ಣಗಿರಲಿ.

ನಿಮಗೇನು ಆಸೆ ಎಂದು ಕೇಳುತ್ತೇನೆ. ಕಾಲಿಗೆ ಔಷಧಿ, ಮನೆಗೆ ಹೊಸ ತಗಡು, ಇಂಥದ್ದೇನಾದರೂ ಹೇಳಬಹುದೆಂದು ಕಾಯುತ್ತೇನೆ. ಅಕ್ಕ ಮೊಳೆಯ ಕಡೆ ಗದ್ದ ಎತ್ತಿ ತೋರಿಸುತ್ತಾರೆ. "ಆ ಸತ್ತದ್ದರ ಗುಂಡಿ ಸವೆದು ಹೋಗ್ಲಿ. ಬದುಕಿರೋದ್ರ ಗುಂಡಿಗಳು ಹೊಸದಾಗೇ ಇರ್ಲಿ. ಅಷ್ಟೇ."

ಮೂರನೇ ದಿನ ಮಧ್ಯಾಹ್ನ ಶಾಲೆ ಬಿಟ್ಟವನೇ ಮತ್ತೆ ಶೆಡ್ಡಿಗೆ ಹೋಗುತ್ತೇನೆ. ತೆಂಬೊ ಇವತ್ತು ಅದೇ ಕಣಿವೆ ದಾಟಬೇಕು. ಅಕ್ಕನ ಮುಂದಿನ ಮೊರದಲ್ಲಿ ಬೀನ್ಸ್ ಹಾಗೇ ಬಿದ್ದಿದೆ. ಫೋನು ಕೈಯಲ್ಲಿದೆ.

ಎರಡೂ ಹತ್ತಕ್ಕೆ ನೇರಳೆ ಚುಕ್ಕೆ ಜವುಗಿನೊಳಗೆ ಬರುತ್ತದೆ. ಎರಡೂ ಇಪ್ಪತ್ತಕ್ಕೆ ಅಲ್ಲೇ ಇದೆ.

"ನಡೀತಿರ್ತಾನೆ, ಕೆಸರು ಜಾಸ್ತಿ ಇರ್ಬೇಕು" ಎನ್ನುತ್ತೇನೆ.

ಎರಡೂವರೆಗೂ ಅದೇ ಜಾಗ. ನಾನು ಮೂರು ಸಲ ಎದ್ದು ಮೂರು ಸಲ ಕೂತಿದ್ದೇನೆ. ಅಕ್ಕ ಬರೆಯಲು ಶುರುಮಾಡುವ ಮೊದಲೇ ಮೇಲಿನಿಂದ ಮಸೆರೆಕಾನ ಸಂದೇಶ ಬರುತ್ತದೆ. ಅವನೂ ಬಿಡಾರದಲ್ಲಿ ಕೂತು ಅತಿಥಿಯ ಟ್ರ್ಯಾಕರಿನಲ್ಲಿ ಇದೇ ಚುಕ್ಕೆ ನೋಡುತ್ತಿದ್ದಾನೆ. 'ನಾನು ಹೊರಟೆ' ಎಂದು ಎರಡೇ ಮಾತು. ಈ ಸಲ ತಪ್ಪಲೆಯ ಸುದ್ದಿಯಿಲ್ಲ.

ಅಷ್ಟರಲ್ಲಿ ಫೋನು ಮತ್ತೆ ಗುಂಯ್ ಎನ್ನುತ್ತದೆ. ನೇರಳೆಯಿಂದ. ಅಕ್ಕ ಕಣ್ಣು ಮುಚ್ಚಿ ಫೋನನ್ನು ನನ್ನ ಕೈಗೆ ಕೊಡುತ್ತಾರೆ. "ನೀವೇ ನೋಡಿ. ಕೆಂಪಾ?"

"ಬಿಳಿ ಅಕ್ಕಾ. ಕ್ಷೇಮ ಅಂತ ಇದೆ."

ಮುಂದಿನ ಚುಕ್ಕೆ ಬಂಡೆಯ ಹತ್ತಿರ ಬೀಳುತ್ತದೆ, ಅದರ ಮುಂದಿನದು ಏರಿನ ಮೇಲೆ. ತೆಂಬೊ ನಡೆಯುತ್ತಿದ್ದಾನೆ. ಮಸೆರೆಕಾನಿಗೆ ಬಿಡಾರಕ್ಕೆ ವಾಪಸು ಹೋಗೆಂದು ಬರೆದು ಅಕ್ಕ ಮೊರ ಎಳೆದುಕೊಳ್ಳುತ್ತಾರೆ.

"ಬುಂಡು ಇಡ್ತಿದ್ದ, ಮುಠ್ಠಾಳ. ಸತ್ತು ಬದುಕಿದ ಜಾಗಕ್ಕೆ ನಮ್ಮವರು ಒಂದು ತುತ್ತು ಇಡ್ತಾರೆ. ಮೂರು ದಿನದ ಬುಂಡು! ಬೆಟ್ಟಕ್ಕೆ ಹಲ್ಲು ಗಟ್ಟಿ ಇರ್ಬೇಕು." ನಗುತ್ತಾ ಕಣ್ಣೊರೆಸಿಕೊಳ್ಳುತ್ತಾರೆ. "ಅಲ್ಲಿ ನಿಂತ್ರೆ ನಾವಿಲ್ಲಿ ಸಾಯ್ತೀವಿ ಅಂತ ಅವನಿಗೆ ಹೊಳೀತಲ್ಲ. ತನಗೋಸ್ಕರನೂ ಯಾರೋ ಕಾಯ್ತಿದಾರೆ ಅಂತ ಗೊತ್ತಾಯ್ತಲ್ಲ."

ನಾನು ಹೊರಡಲು ಎದ್ದಾಗ ಹೊಳೆಯ ಸದ್ದನ್ನೂ ಮೀರಿ ಹಿಂದಿನಿಂದ ಕೂಗುತ್ತಾರೆ:

"ಮೇಷ್ಟ್ರೇ, ಬೀರಾಗೆ ಹೇಳಿ. ಅವಳಪ್ಪ ತಾನಾಗೇ ಒತ್ತಿದ ಅಂತ."