ಕೇಪು, ಕೇಪುಳ

ಕೋವಿಯ ಕೇಪು ಮೊದಲು ಹೂವಾಗಿರುತ್ತದೆಂದು ನನಗೆ ಗೊತ್ತಾದದ್ದು ಗಲ್ಫಿನ ಮುಸಫ್ಫಾದಲ್ಲಿ. ನನ್ನ ರೂಮಿನ ಜೊತೆಗಾರ ಕಾರ್ಕಳ ಕಡೆಯವನು, ನಮ್ಮ ವರ್ಕ್‌ಶಾಪಿನಲ್ಲೇ ಲೇತು ನಡೆಸುವ ಟರ್ನರ್. ಊರಿನಲ್ಲಿ ಅವನ ಅಜ್ಜನಿಗೆ ಲೈಸೆನ್ಸಿನ ಹಳೆಯ ಕೋವಿಯಿತ್ತು. ಅದರ ಸುತ್ತಿಗೆ ಬಡಿದಾಗ ಕಿಡಿ ಕೊಡುವ, ಬಟಾಣಿಗಿಂತ ಸಣ್ಣ ತಾಮ್ರದ ಟೊಪ್ಪಿಯೇ ಕೇಪು. ಯಾವುದೋ ವಿಡಿಯೋ ನೋಡಿ, ಅದನ್ನು ಕೈಯಾರೆ ಮಾಡುವ ಹುಚ್ಚು ಇವನಿಗೆ ಹಿಡಿಯಿತು.

ತಾಮ್ರದ ತಗಡು ತಂದವನು ನಾನೇ. ಗುಜರಿಯಲ್ಲಿ ಬೇಕಾದ ಮಾಲನ್ನು ಮೊದಲು ನೋಡಲೇಬಾರದು, ನೆನಪಿಡಿ. ಬೇಡದ ಮೋಟಾರನ್ನು ಅರ್ಧ ಗಂಟೆ ತಿರುಗಿಸಿ ಹಳಿದು, ಹೊರಡುವಾಗ "ಇದೂ ಇರಲಿ" ಎನ್ನಬೇಕು. ಹಾಗೆ ತಂದ ತಗಡಿನ ಮೇಲೆ ಅವನು ತಾನೇ ಕಡೆದ ಅಚ್ಚಿಟ್ಟು ಒಂದೇ ಏಟು ಹೊಡೆದ. ನಾಲ್ಕೆಸಳಿನ ಹೂವೊಂದು ಕೆಳಗೆ ಬಿತ್ತು! ಎಸಳು ಮಡಚಿದರೆ ಟೊಪ್ಪಿ.

"ಇದು ಕೇಪುಳ ಹೂವಲ್ವಾ ಮಾರಾಯ!" ಎಂದು ಕೂಗಿಬಿಟ್ಟೆ. ನಮ್ಮೂರ ಗುಡ್ಡದಲ್ಲಿ ಗೊಂಚಲಾಗಿ ಅರಳುವ ಕೆಂಪು ಕೇಪುಳದ ಬಣ್ಣವೂ ಅದೇ, ಎಸಳೂ ಅಷ್ಟೇ.

"ಮತ್ತೆ? ಹೆಸರು ಸುಮ್ಮನೆ ಇಟ್ಟಿದ್ದಾರಾ?" ಎಂದು ಬೀಗಿದ.

ಅಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯ ಹವ್ಯಾಸ. ನನಗೆ ಹೇಳದೆ ಅವನು ಟೊಪ್ಪಿಗಳಿಗೆ ಮದ್ದು ತುಂಬಿದ. ಯಾವ ಮದ್ದೆಂದು ನಾನು ಬರೆಯುವುದಿಲ್ಲ, ನೀವೂ ಹುಡುಕಬೇಡಿ. ಒಣಗಲೆಂದು ಬಾಲ್ಕನಿಯಲ್ಲಿ, ನಾವು ಸಂಡಿಗೆ ಒಣಗಿಸುವ ಪಂಚೆಯ ಮೇಲೆ ಹರಡಿ, ಅದರ ಇನ್ನೊಂದು ತುದಿಯನ್ನೇ ಮೇಲೆ ಹೊದಿಸಿಟ್ಟ.

ಶುಕ್ರವಾರ ಬೆಳಗ್ಗೆ ಬಟ್ಟೆ ಹರವಲು ಹೋದ ನನಗೆ ಪಂಚೆ ಕಂಡಿತು. ಸಂಡಿಗೆ! ಗಾಳಿಗೆ ಹಾರೀತೆಂದು ಕಬ್ಬಿಣದ ತುಂಡು ಎತ್ತಿದೆ.

"ಇಡ್ಬೇಡ! ಇಡ್ಬೇಡ ಮಾರಾಯ!" ಎನ್ನುತ್ತ ಅವನು ಓಡಿಬಂದು ಬಗ್ಗಿದ. ಇಟ್ಟಾಗಿತ್ತು.

ಟಪ್! ಸಿಡಿದದ್ದು ಒಂದೇ. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿ ಕುಸಿದ. "ಕಣ್ಣು ಉಂಟಾ ನೋಡು!" ಟರ್ನರನಿಗೆ ಕಣ್ಣೇ ಕೆಲಸ. ಕೈ ಬಿಡಿಸಿದೆ. ಕನ್ನಡಕದಲ್ಲಿ ತಾಮ್ರದ ಚೂರು ನೆಟ್ಟಿತ್ತು. ಅದರ ಹಿಂದೆ ಕಣ್ಣು ಪಿಳಿಪಿಳಿ ಎನ್ನುತ್ತಿತ್ತು. ಖುಷಿಗೆ ಅವನ ಬೆನ್ನಿಗೊಂದು ಗುದ್ದಿದೆ.

"ಉಳಿದದ್ದನ್ನು ಮೆಲ್ಲ ಹೆಕ್ಕಿ ಬಿಸಾಡುವನಾ?" ಎಂದ.

"ಮುಟ್ಟಿದರೆ ನೋಡು! ಸೇಫ್ಟಿಯವರಿಗೆ ಹೇಳುವ."

"ಹೇಳಿದ್ರೆ ವೀಸಾ ಖಲಾಸ್."

"ಅರ್ಜಿ ಟೈಪ್ ಮಾಡಿಸಿದ್ರೆ ವೀಸಾ ಇನ್ನೊಂದು ಸಿಗ್ತದೆ. ಕಣ್ಣು ಯಾವ ಟೈಪಿಂಗ್ ಸೆಂಟರಿನಲ್ಲಿ ಸಿಗ್ತದೆ, ಹೇಳು?"

ಅವನು ಒಪ್ಪಿದ. ನಾನು ಅಷ್ಟು ಬೇಗ ಕುದುರಿಸಿದ ವ್ಯವಹಾರ ಬೇರೊಂದಿಲ್ಲ. ಕಂಪನಿಯ ಸೇಫ್ಟಿ ಆಫೀಸರ್, ಮಂಗಳೂರಿನವರು, ಬಂದವರೇ ನಮ್ಮನ್ನು ಹೊರಗಟ್ಟಿ, ಇಂಥದ್ದು ತಿಳಿದವರನ್ನು ಕರೆಸಿದರು. ಕೇಪುಗಳು ಪಂಚೆ ಸಮೇತ ಹೋದವು. "ಇನ್ನು ನಿಮ್ಮ ರೂಮಿನ ಸಂಡಿಗೆ ನನಗೆ ಬೇಡಪ್ಪ," ಎಂದರು. ಹೇಳಿಕೆ, ಸಹಿ, ಎರಡು ವಾರದ ಎದೆಬಡಿತ. ಕೊನೆಗೆ ಎಚ್ಚರಿಕೆ ಪತ್ರದಲ್ಲಿ ಮುಗಿಯಿತು. ಮನೆಯಲ್ಲಿ ಸಿಡಿಮದ್ದು ಮಾಡಹೊರಟವರಿಗೆಲ್ಲ ಇಷ್ಟು ಅಗ್ಗದಲ್ಲಿ ಬಗೆಹರಿಯುತ್ತದೆ ಎಂದುಕೊಳ್ಳಬೇಡಿ.

ಆ ವರ್ಷದ ಆಯುಧಪೂಜೆಗೆ ಅವನು ಲೇತಿಗೊಂದು ಮಾಲೆ ಹಾಕಿದ. ದಾರಕ್ಕೆ ಪೋಣಿಸಿದ ತಾಮ್ರದ ಕೇಪುಳ ಥಳಥಳ ಹೊಳೆಯುತ್ತಿತ್ತು. ಹತ್ತಿರ ಹೋಗಿ ಒಂದೊಂದನ್ನೂ ನೋಡಿದೆ. ಒಂದರ ಎಸಳನ್ನೂ ಅವನು ಮಡಚಿರಲಿಲ್ಲ.