ಖಾಲಿ ಎಂದು ನಾನು ಬರೆದ ಜಾಗ

ಪಟ್ಟಣದ ಹೆಸರು ಬೇಡ. ಭಟ್ಕಳದಿಂದ ಕುಮಟಾದವರೆಗೆ ಕಡಲಂಚಿನ ಯಾವ ಊರೂ ಆಗಬಹುದು. ಯಾವ ಜಾಗ ಯಾವುದಕ್ಕೆ ಎಂದು ಗೊತ್ತುಮಾಡುವ ಆ ಊರಿನ ಹೊಸ ವಲಯ ನಿಯಮಗಳ ಕರಡು ಹೊರಬಿದ್ದು, ಆಕ್ಷೇಪಣೆ ಸಲ್ಲಿಸಲು ನಾಲ್ಕೇ ದಿನ ಉಳಿದಿತ್ತು. ಆಗ ವಯಸ್ಸಾದ ಹೆಂಗಸೊಬ್ಬರು ಅದರ ಜೆರಾಕ್ಸ್ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಕುಮಟಾದ ನಮ್ಮ ಮನೆಗೆ ಬಂದರು. ಮೀನುಗಾರರ ಕೇರಿಯವರು, ಇಬ್ಬರು ಗಂಡುಮಕ್ಕಳು ಒಂದೇ ದೋಣಿಯಲ್ಲಿ ಕಡಲಿಗೆ ಹೋಗುತ್ತಾರಂತೆ.

"ಸಾಹೇಬ್ರೆ, ನೀವು ನಕ್ಷೆ ಬರೀತಿದ್ದವರಂತೆ. ನಮ್ಮ ದೋಣಿ ಜಾಗಕ್ಕೆ ಇದ್ರಲ್ಲಿ ಎಂತ ಬರ್ದಿದ್ದಾರೆ, ಸ್ವಲ್ಪ ನೋಡಿ ಹೇಳಿ," ಎಂದು ಜಗಲಿಯ ಮೇಲೆ ಕುಳಿತರು.

ನಾನು ನಿವೃತ್ತನಾಗಿ ಆರು ವರ್ಷವಾಗಿದ್ದರೂ ಇಂಥ ಕಾಗದ ಕೈಗೆ ಬಂದರೆ ಜಂಬ ತಲೆ ಎತ್ತುತ್ತದೆ. ಕನ್ನಡಕ ಒರೆಸಿಕೊಂಡು ವ್ಯಾಖ್ಯೆಗಳ ಪುಟದಿಂದಲೇ ಶುರು ಮಾಡಿದೆ. ಕಟ್ಟಡ ಎಂದರೆ ಏನು, ತಾತ್ಕಾಲಿಕ ಕಟ್ಟಡ ಎಂದರೆ ಏನು, ಎಲ್ಲ ಇತ್ತು. ಬಾಲ್ಕನಿಗೆ ಅರ್ಧ ಪುಟ. ಒಂದು ಕಾರು ನಿಲ್ಲಲು ಎಷ್ಟು ಉದ್ದ, ಎಷ್ಟು ಅಗಲ ಬೇಕು ಎಂಬುದಕ್ಕೆ ಚಿತ್ರ ಸಮೇತ ವಿವರಣೆ. ವಾಹನ ಎಂಬ ಮಾತಿಗೆ ಕಾರು, ಲಾರಿ, ಸ್ಕೂಟರು, ಸೈಕಲ್ಲೂ ಸೇರಿದ್ದವು. ದೋಣಿ ಎಂಬ ಮಾತು ಇಡೀ ಕಟ್ಟಿನಲ್ಲಿ ಒಂದೇ ಒಂದು ಕಡೆಯೂ ಇರಲಿಲ್ಲ. ಕಡಲ ಪಕ್ಕದ ಊರಿಗೆ ನಿಯಮ ಬರೆಯುವವರಿಗೆ ಕಡಲೇ ಕಾಣಲಿಲ್ಲವೇ ಎಂದು ಬೈದುಕೊಂಡೇ ಪುಟ ತಿರುವಿದೆ.

ನಕ್ಷೆಯಲ್ಲಿ ಗಾಳಿಮರಗಳ ಸಾಲಿನ ಹಿಂದಿನ ಮರಳು ಬಯಲು ಹಳದಿ ಗೆರೆಗಳಿಂದ ತುಂಬಿತ್ತು. ಪ್ರವಾಸಿಗರ ವಾಹನ ನಿಲುಗಡೆ. ಕಾರಣ ಅನುಬಂಧದಲ್ಲಿದೆ ಎಂದಿತ್ತು. ಅನುಬಂಧಕ್ಕೆ ಹಾಲಿ ಭೂಬಳಕೆಯ ಸಮೀಕ್ಷೆ ಹಾಳೆಗಳನ್ನೇ ನಕಲು ತೆಗೆದು ಸೇರಿಸಿದ್ದರು. ಆ ಬಯಲಿನ ಹಾಳೆಯ ಶರಾ ಕಾಲಮ್ಮಿನಲ್ಲಿ ಎರಡೇ ಅಕ್ಷರ: ಖಾಲಿ.

ಅಕ್ಷರ ನನ್ನದು. ಕೆಳಗಿನ ಸಹಿಯೂ ನನ್ನದು.

ಹಿಂದಿನ ವರ್ಷ ಜನವರಿಯಲ್ಲಿ ಗುತ್ತಿಗೆ ಮೇಲೆ ಆ ಸಮೀಕ್ಷೆಗೆ ಹೋಗಿದ್ದೆ. ಮನೆಯಲ್ಲಿ ಸುಮ್ಮನೆ ಕೂತು ಬೇಸರ ಬಂದಿತ್ತು. ಆ ಬಯಲಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಒಂದಷ್ಟು ಕಂಬಗಳು ಬೋಳಾಗಿ ನಿಂತಿದ್ದವು. ಬಿಸಿಲು ತಾಳಲಾರದೆ ಗಾಳಿಮರಕ್ಕೆ ಒರಗಿ ನೀರು ಕುಡಿದೆ. ಪಕ್ಕದ ಮನೆಯ ಬಾಗಿಲಲ್ಲಿದ್ದ ಹೆಂಗಸನ್ನು ಕೇಳಿದೆ, ಬರೆದೆ, ಮುಂದಿನ ಹಾಳೆಗೆ ಹೋದೆ. ನಾನು ಗೇರುಸೊಪ್ಪ ಕಡೆ ಹುಟ್ಟಿದವನು. ನಮ್ಮಲ್ಲಿ ದೋಣಿ ಎಂದರೆ ಹೊಳೆ ದಾಟಿಸುವುದು. ವರ್ಷವಿಡೀ ಅದು ದಡದ ಮರಕ್ಕೆ ಕಟ್ಟಿಕೊಂಡೇ ಇರುತ್ತಿತ್ತು. ಆಷಾಢದಲ್ಲಿ ಕಡಲು ಮರಳನ್ನೆಲ್ಲ ನುಂಗಿಕೊಂಡು ಮೇಲೆ ಬರುವಾಗ ಕಡಲ ದೋಣಿಗಳು ಎಲ್ಲಿಗೆ ಹೋಗುತ್ತವೆ ಎಂಬ ಪ್ರಶ್ನೆ, ಇಷ್ಟು ವರ್ಷ ಕರಾವಳಿಯ ನಕ್ಷೆ ಬರೆದವನಿಗೆ ಹೊಳೆದಿರಲೇ ಇಲ್ಲ.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಹಾಗಾಯಿತು. ಕಚೇರಿಯವರ ತಪ್ಪು ಎಂದು ಹೇಳಿ ಕಳಿಸಿಬಿಡೋಣ ಎಂಬ ಯೋಚನೆ ಬಂತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಅಮ್ಮಾ, ಇದನ್ನ ಬರೆದವನು ನಾನೇ," ಎಂದೆ.

"ಗೊತ್ತು. ಅದಕ್ಕೇ ಇಲ್ಲಿಗೆ ಬಂದೆ. ಅವತ್ತು ನೀವು ಕೇಳಿದ್ದು ನನ್ನನ್ನೇ ಅಲ್ವಾ? ಎಂತ ಬರ್ದಿರಿ?"

"ಖಾಲಿ ಅಂತ."

"ನಾ ಹೇಳಿದ್ದು, ಈಗ ಖಾಲಿ ಅಂತ. 'ಈಗ' ಎಲ್ಲಿ ಹೋಯ್ತು?"

ಕಾಲಂ ಚಿಕ್ಕದಿತ್ತು ಎಂದು ಹೇಳಲು ನಾಚಿಕೆಯಾಯಿತು. ಬಯಲು ಹೋದರೆ ಮಳೆಗಾಲ ಎದುರಿಗೆ ಬಂದಾಗ ಆ ಕೇರಿಯ ಹನ್ನೊಂದು ದೋಣಿಗಳಿಗೆ ಜಾಗವಿಲ್ಲ. ಅಲೆಯ ಬಾಯಿಗೆ ಬಿಟ್ಟ ದೋಣಿ ಒಂದು ರಾತ್ರಿಯಲ್ಲಿ ಸೌದೆ.

ಆ ಜಾಗ ಖಾಲಿಯಲ್ಲ ಎಂದು ಆಕ್ಷೇಪಣೆ ಬರೆದು ಸಲ್ಲಿಸಿದೆ. ವಿಚಾರಣೆಯ ದಿನ ಅದನ್ನು ನಾನೇ ಓದಿದೆ. ಅಧಿಕಾರಿ ನನಗಿಂತ ಬಹಳ ಚಿಕ್ಕವರು, ಒರಟರಲ್ಲ. ಹಾಳೆಯನ್ನು ನನ್ನ ಕಡೆ ತಿರುಗಿಸಿ, "ಸ್ಥಳ ನೋಡಿ ಖಾಲಿ ಅಂತ ಸಹಿ ಮಾಡಿದವರು ನೀವು. ಈಗ ಖಾಲಿ ಅಲ್ಲ ಅಂತ ಬರೆದವರೂ ನೀವೇ. ನಾನು ಯಾವುದನ್ನ ನಂಬಬೇಕು?" ಎಂದು ಕೇಳಿದರು. ಹಿಂದೆ ಕುಳಿತ ಯಾರೋ ನಕ್ಕರು. ಮಾಡಿದ್ದುಣ್ಣೋ ಮಹರಾಯ ಎಂದು ಒಳಗೇ ಅಂದುಕೊಂಡೆ.

"ಮಂಗಳವಾರ ಹತ್ತು ಗಂಟೆಗೆ ಆ ಜಾಗಕ್ಕೇ ಬರ್ತೇನೆ. ಕಣ್ಣಿಗೆ ಕಂಡದ್ದನ್ನ ಬರೀತೇನೆ," ಎಂದರು ಅಧಿಕಾರಿ.

ಅದು ಏಪ್ರಿಲ್. ಮಂಗಳವಾರವೂ ಕಣ್ಣಿಗೆ ಕಾಣುವುದು ಬೋಳು ಕಂಬಗಳೇ. ದೋಣಿಗಳನ್ನು ಒಂದು ದಿನದ ಮಟ್ಟಿಗೆ ಮೇಲೆ ತನ್ನಿ ಎಂದು ಕೇರಿಯವರಿಗೆ ಹೇಳಿದವನು ನಾನು. ಸಿಗಡಿ ಬೀಳುತ್ತಿದ್ದ ದಿನಗಳು ಅವು. ಕಡಲಿಗೆ ಹೋಗಬೇಡಿ ಎನ್ನಲು ಯಾವ ಬಾಯಿ ನನಗೆ? ಆದರೂ ಮಂಗಳವಾರ ಬೆಳಿಗ್ಗೆ ಇಡೀ ಕೇರಿ ಹಗ್ಗಕ್ಕೆ ಕೈ ಹಾಕಿತು. ಮರದ ಉರುಳೆಗಳ ಮೇಲೆ ಒಂದೊಂದೇ ದೋಣಿ ಏರಿ ಬಂತು. ನಾನೂ ಎಳೆದೆ, ಅಂಗೈ ಸುಲಿಯಿತು.

ಹತ್ತಾಯಿತು, ಹನ್ನೆರಡಾಯಿತು. ಜೀಪು ಬರಲಿಲ್ಲ. ಫೋನು ಮಾಡಿದರೆ ಮೀಟಿಂಗಿನಲ್ಲಿದ್ದಾರೆ ಎಂಬ ಉತ್ತರ. ಎದುರಿಗೆ ಕಡಲು ತಣ್ಣಗೆ ಮಲಗಿತ್ತು, ಪಕ್ಕದ ಊರಿನ ದೋಣಿಗಳು ಬಲೆ ಬಿಡುತ್ತಿದ್ದುದು ಇಲ್ಲಿಂದಲೇ ಕಾಣುತ್ತಿತ್ತು. ಗಂಡಸರು ನನ್ನ ಜೊತೆ ಮಾತು ನಿಲ್ಲಿಸಿದರು. ಎರಡು ಗಂಟೆಗೆ ಆ ಅಮ್ಮನ ದೊಡ್ಡ ಮಗನೇ ಎದ್ದು, "ಇವರ ಮಾತು ಕೇಳಿ ದಿನ ಹಾಳಾತು. ಹಿಡೀರಿ, ಇಳಿಸುವ," ಎಂದು ಉರುಳೆ ಇಟ್ಟ. ಅಮ್ಮ ಹೋಗಿ ದೋಣಿಯ ಮೂತಿಯ ಮುಂದೆ ಕಾಲು ಚಾಚಿ ಕುಳಿತುಬಿಟ್ಟರು. ಮಗ ಹಗ್ಗ ಎಸೆದು ದೂರ ಹೋದ. ನನಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು.

ಅಧಿಕಾರಿ ಬಂದಾಗ ಮೂರೂವರೆ. ಹನ್ನೊಂದು ದೋಣಿಗಳನ್ನು ನೋಡಿದರು, ಮರಳಿನ ಮೇಲಿನ ಹಸಿ ಜಾಡನ್ನೂ ನೋಡಿದರು.

"ಇವತ್ತು ತಂದಿಟ್ಟದ್ದು, ಅಲ್ವಾ?"

ಎಲ್ಲರ ಕಣ್ಣು ನನ್ನ ಮೇಲಿತ್ತು. ಅಲ್ಲ ಎಂದರೆ ಮುಗಿಯಬಹುದಿತ್ತು. ಒಮ್ಮೆ ಅರ್ಧ ನಿಜ ಬರೆದು ಇಲ್ಲಿಗೆ ಬಂದು ಮುಟ್ಟಿದ್ದೆ.

"ಹೌದು. ನಾನೇ ತರಿಸಿದೆ. ನೀವು ಆಷಾಢದಲ್ಲಿ ಬಂದಿದ್ದರೆ ತರಿಸಬೇಕಾಗಿರಲಿಲ್ಲ."

ಅವರ ಮುಖ ಬಿಗಿಯಾಯಿತು, ಜೀಪಿನ ಕಡೆ ತಿರುಗಿದರು. ಆಗ ಅಮ್ಮ ಎದ್ದು, "ಸಾಹೇಬ್ರೆ, ದೋಣಿ ಬಿಡಿ. ಈ ಮರ ನೋಡಿ. ಇದನ್ನ ಇವತ್ತು ತಂದಿದ್ದಲ್ಲ," ಎಂದರು. ಗಾಳಿಮರದ ಕಾಂಡದಲ್ಲಿ, ಸೊಂಟದ ಎತ್ತರಕ್ಕೆ, ಸುತ್ತಲೂ ಬೆರಳು ಹುದುಗುವಷ್ಟು ಆಳದ ಗಾಯ. ಎಷ್ಟೋ ಮಳೆಗಾಲ ದೋಣಿಯ ಹಗ್ಗ ಜಗ್ಗಿ ಜಗ್ಗಿ ತೊಗಟೆ ತಿಂದು, ಅದರ ಮೇಲೆ ಹೊಸ ತೊಗಟೆ ಬೆಳೆದಿತ್ತು. ಪಕ್ಕದ ಮರಕ್ಕೂ ಹಾಗೇ, ಅದರಾಚೆಯದಕ್ಕೂ ಹಾಗೇ. ನಾನು ಅವತ್ತು ಬೆನ್ನು ಒರಗಿಸಿ ನೀರು ಕುಡಿದ ಮರ ಅದು.

ಅಧಿಕಾರಿ ಆ ಗಾಯದೊಳಗೆ ಬೆರಳಿಟ್ಟು ಸುತ್ತಲೂ ಎಳೆದರು. ಆಮೇಲೆ ತನಿಖೆಯ ಹಾಳೆಯನ್ನು ನನ್ನ ಕೈಗೆ ಕೊಟ್ಟರು. "ಇವರ ಹೇಳಿಕೆ ನೀವೇ ಬರ್ಕೊಳ್ಳಿ. ನಿಮಗೆ ರೂಢಿ ಉಂಟಲ್ಲ." ಆ ಮಾತಿನಲ್ಲಿ ಕುಟುಕು ಇತ್ತೋ ಇಲ್ಲವೋ, ನನಗೆ ಚುಚ್ಚಿತು.

ಜನವರಿಯಲ್ಲಿ ಕೇಳಿದ್ದನ್ನೇ ಮತ್ತೆ ಕೇಳಿದೆ. "ಅಮ್ಮಾ, ಈ ಜಾಗ ಎಂತಕ್ಕೆ ಬಳಸ್ತೀರಿ?"

"ಈಗ ಖಾಲಿ. ಮಳೆ ಬಿದ್ದು ಕಡಲು ಎದ್ದ ಮೇಲೆ ನಮ್ಮ ದೋಣಿ ಇಲ್ಲೇ. ಈ ಕಂಬಕ್ಕೆ ತೆಂಗಿನ ಮಡಲು ಹೊದೆಸ್ತೇವೆ, ಅದರ ಅಡೀಲೇ ಬಲೆ ಹೊಲಿತೇವೆ. ಅತ್ತೆ ಕಾಲದಲ್ಲೂ ಹಂಗೇ."

ಒಂದಕ್ಷರ ಬಿಡದೆ ಬರೆದೆ. ಶರಾ ಕಾಲಂ ಮೂರನೆಯ ಮಾತಿಗೇ ಮುಗಿದಿತ್ತು. ಗೆರೆ ದಾಟಿ, ಅಂಚಿಗೆ ಹೋಗಿ, ಹಾಳೆ ಅಡ್ಡ ತಿರುಗಿಸಿ ಬರೆದೆ. ಅಧಿಕಾರಿ ನೋಡಿದರು, ಬೇಡ ಎನ್ನಲಿಲ್ಲ.

ಅಮ್ಮನಿಗೆ ಓದು ಬಾರದು. ಹೆಬ್ಬೆಟ್ಟು ಒತ್ತುವ ಮೊದಲು ನನ್ನ ಪಕ್ಕ ಬಗ್ಗಿ, ಅವತ್ತಿನವರೆಗೆ ಸಾಹೇಬ್ರೆ ಅನ್ನುತ್ತಿದ್ದವರು, "ತಮ್ಮಾ, 'ಈಗ' ಎಲ್ಲಿದೆ? ತೋರ್ಸು," ಎಂದರು.

ತೋರಿಸಿದೆ. ಅದರ ಮೇಲೆ ಬೆರಳಿಟ್ಟರು. ದೊಡ್ಡ ಮಗ ದೋಣಿ ಇಳಿಸಲು ಕರೆಯುವವರೆಗೂ ತೆಗೆಯಲಿಲ್ಲ.