ಜಯಮ್ಮನವರು ಹೇಳಿದ ‘ಹೌದು’

ಮೊನ್ನೆ ಒಬ್ಬ ಹುಡುಗಿ ನಮ್ಮ ಹಜಾರದ ಬೆತ್ತದ ಕುರ್ಚಿಯಲ್ಲಿ ಕೂತು, ನಾನು ಸುಳ್ಳು ಹೇಳುತ್ತಿದ್ದೇನೆ ಎಂಬಂತೆ ನನ್ನ ಮುಖ ನೋಡಿದಳು. ಲಕ್ಷ್ಮೀಪುರಂನಲ್ಲಿ ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ಈ ಮರ್ಯಾದೆ!

ಹುಡುಗಿಯ ಹೆಸರು ವನಜಾ. ಎಂ.ಎ. ಓದುತ್ತಿದ್ದಾಳೆ. ನೆರೆಹೊರೆಯವರು ಒಬ್ಬರೊಡನೊಬ್ಬರು ಹೇಗಿರುತ್ತಾರೆ ಎಂದು ಮನೆಮನೆಗೆ ಹೋಗಿ ಕೇಳುತ್ತಾಳಂತೆ. ಉತ್ತರಗಳಿಗೆ ತಕ್ಕಂತೆ ಕಾರ್ಡುಗಳಲ್ಲಿ ತೂತು ಮಾಡಿ ಬೊಂಬಾಯಿಗೆ ಕಳಿಸುತ್ತಾರಂತೆ. ಅಲ್ಲಿ ಕಂಪ್ಯೂಟರ್ ಎಂಬ ಯಂತ್ರ ಅವನ್ನು ಓದಿ ನಮ್ಮನ್ನು ಅರ್ಥ ಮಾಡಿಕೊಳ್ಳುತ್ತದಂತೆ. (ನಮ್ಮ ಯಜಮಾನರಿಗೇ ಇನ್ನೂ ಸಾಧ್ಯವಾಗಿಲ್ಲ.)

“ಪಕ್ಕದ ಮನೆಯವರ ಹತ್ರ ಮಾತಾಡ್ತೀರಾಮ್ಮ? ಹೌದಾ, ಇಲ್ವಾ?”

“ಇಲ್ಲ,” ಎಂದೆ.

ವನಜಾಳ ಪೆನ್ಸಿಲ್ ನಿಂತಿತು. “ದಿನಾ ಮಾತಾಡ್ತೀವಿ ಅಂದ್ರಲ್ಲ ಪಕ್ಕದ್ಮನೆ ಜಯಮ್ಮನವರು! ಎರಡೂ ತಾಳೆ ಆಗ್ದಿದ್ರೆ ಮೆಷಿನ್ನು ಒಪ್ಪಲ್ಲಮ್ಮ.”

ಯಂತ್ರ ಹಾಗಿರಲಿ, ನನಗೇ ತಾಳೆ ಆಗಲಿಲ್ಲ.

ಮೂರು ವರ್ಷದ ಹಿಂದೆ ಜಯಮ್ಮನವರ ಮಗಳು ಸುಧಾಳನ್ನು ನೋಡಿಹೋದ ಗಂಡಿನ ತಾಯಿ ನನ್ನಲ್ಲಿ ವಿಚಾರಿಸಿದ್ದರು. “ಹುಡುಗಿಗೆ ಇನ್ನೂ ಓದೋ ಆಸೆ,” ಎಂದುಬಿಟ್ಟೆ. ಸುಧಾಳೇ ಅತ್ತು ನನಗೆ ಹೇಳಿದ್ದ ಮಾತದು. ಸಂಬಂಧ ತಪ್ಪಿಹೋಯಿತು. ಅಂದೇ ಜಯಮ್ಮ ನಮ್ಮ ಅಡುಗೆಮನೆಯ ಕಡೆಗಿದ್ದ ತಮ್ಮ ಕಿಟಕಿ ಮುಚ್ಚಿದರು. ಸುಧಾ ಕಾಲೇಜು ಸೇರಿದಳು. ಕಿಟಕಿ ತೆರೆಯಲಿಲ್ಲ.

ತಪ್ಪು ಮಾಡಿದೆನೇ? ಇವತ್ತಿಗೂ ಗೊತ್ತಿಲ್ಲ. ಆದರೆ ಸಾರಿಗೆ ಒಗ್ಗರಣೆ ಹಾಕಿದಾಗಲೆಲ್ಲ, “ಏನ್ರೀ ಇವತ್ತು, ಘಮ್ಮಂತಿದೆ?” ಎನ್ನುವ ಆ ದನಿಗೆ ಕಿವಿ ಕಾಯುತ್ತಿತ್ತು.

ವನಜಾ ಹೋದ ಮೇಲೆ ಜಯಮ್ಮನವರ ಬಾಗಿಲು ತಟ್ಟಿದೆ.

“ದಿನಾ ಮಾತಾಡ್ತೀವಿ ಅಂದ್ರಂತೆ. ಯಾಕ್ರೀ ಸುಳ್ಳು ಹೇಳಿದ್ರಿ?”

ಅವರು ತಲೆಯೆತ್ತಲಿಲ್ಲ. “ಸುಳ್ಳಲ್ಲ ಕಣ್ರೀ. ಅಡುಗೆಮನೇಲಿ ಒಬ್ಬರೇ ಗೊಣಗ್ತಿರ್ತೀರಲ್ಲ, ಉಪ್ಪು ಜಾಸ್ತಿ ಆಯ್ತು, ಮಂಡಿ ನೋಯ್ತಿದೆ ಅಂತ... ನಾನು ಕಿಟಕಿ ಹಿಂದೆ ನಿಂತ್ಕೊಂಡು ಉತ್ತರ ಕೊಡ್ತಾನೇ ಇರ್ತೀನಿ. ಮೆಲ್ಲಗೆ. ನಿಮಗೆ ಕೇಳ್ಸಲ್ಲ, ಅಷ್ಟೇ.”

ಅವರು ಕೈ ಹಿಡಿದು ಒಳಗೆ ಕರೆದರು. ಕಾಫಿ ಕುಡಿಯುತ್ತಾ, ಅಷ್ಟೂ ಉತ್ತರಗಳಲ್ಲಿ ಒಂದನ್ನಾದರೂ ಈಗ ಹೇಳಿ ಎಂದು ಬೇಡಿಕೊಂಡೆ.

“ಎಲ್ಲಾ ಮರ್ತ್ಬುಟ್ಟೆ ಕಣ್ರೀ,” ಎಂದರು ಜಯಮ್ಮ, ಕಣ್ಣೊರೆಸಿಕೊಳ್ಳುತ್ತಾ.

ನಿಮಗೂ ಹೀಗೆ ಯಾರೋ, ಎಲ್ಲೋ, ಮೆಲ್ಲಗೆ ಉತ್ತರ ಕೊಡುತ್ತಿರಬಹುದಲ್ಲವೇ?